ಒಂಬತ್ತು ದಿನದ ಸ್ಲ್ಯಾಬ್

ಕಲ್ಲೂರಿನ ವಿರೂಪಣ್ಣನವರ ಹೊಲವನ್ನು ಒಂದು ಹಳ್ಳ ಎರಡು ಪಾಲು ಮಾಡಿದೆ. ಅದಕ್ಕೆ ಹದಿನೈದು ಅಡಿಯ ಸೇತುವೆ ಕಟ್ಟಲು ದೇವದುರ್ಗದ ಗೌಂಡಿ ಹುಸೇನಪ್ಪ, ಹೆಂಡತಿ ಮುದುಕಮ್ಮನ ಜೊತೆ ಬಂದು ಹೊಲದಲ್ಲೇ ಬಿಡಾರ ಹೂಡಿದ್ದ. ಎರಡೂ ದಂಡೆಗೆ ಕಲ್ಲಿನ ಗೋಡೆ ಎಬ್ಬಿಸಿ, ಮೇಲೆ ಸ್ಲ್ಯಾಬ್ ಹಾಕಿ ಒಂಬತ್ತು ದಿನವಾಗಿತ್ತು. ಕೆಳಗೆ ಬೊಂಬುಗಳ ಆಸರೆ ಹಾಗೇ ಇತ್ತು.

ಅಂದು ಬೆಳಿಗ್ಗೆ ಮೋಡ ಕವಿಯಿತು. ಬಿಡಿಸಿದ ಹತ್ತಿಯೆಲ್ಲ ಹಳ್ಳದ ಆಚೆ ರಾಶಿ ಬಿದ್ದಿತ್ತು. ವಿರೂಪಣ್ಣ ಟ್ರ್ಯಾಕ್ಟರ್ ತಂದು ಸೇತುವೆಗೆ ಹತ್ತಿಸಲು ಹೊರಟರು. ಹುಸೇನಪ್ಪ ಅಡ್ಡ ನಿಂತ.

“ಇಪ್ಪತ್ತೊಂದು ದಿನ ಆಗೂತನಕ ಗಾಲಿ ಹತ್ತಬಾರದ್ರೀ ಸಾವ್ಕಾರ್ರೇ.”

“ಮ್ಯಾಲಿನ ಊರಾಗ ಮಳಿ ಹೊಡ್ಯಾಕತ್ತದ. ಹತ್ತಿ ತೊಯ್ದ್ರ ನೀ ತುಂಬಿ ಕೊಡ್ತೀಯೇನು? ಸರಿ ಆಕಡಿ!”

“ನನ್ನ ಮ್ಯಾಲ ಹಾಯಿಸಿ ಹೋಗ್ರಿ.”

ಎಂಜಿನ್ ಗುರುಗುಡುತ್ತಲೇ ಇತ್ತು. ಹುಸೇನಪ್ಪ ಕದಲಲಿಲ್ಲ. ಆರು ವರ್ಷದ ಹಿಂದೆ ಬೇರೊಬ್ಬ ಮಾಲೀಕನ ಅವಸರಕ್ಕೆ ಮಣಿದು ಎಂಟನೇ ದಿನಕ್ಕೇ ಆಸರೆ ಬಿಚ್ಚಿದ್ದ. ಸ್ಲ್ಯಾಬ್ ಕುಸಿದು ತಮ್ಮ ಆಂಜನೇಯನ ಕಾಲು ಜಜ್ಜಿಹೋಗಿತ್ತು. ಯಾರ ಮುಂದೆಯೂ ಆಡದ ಆ ಮಾತನ್ನು ಈಗ ಆಡಿದ.

ವಿರೂಪಣ್ಣ ಎಂಜಿನ್ ಬಂದ್ ಮಾಡಿದರು. “ಮತ್ತ ಹೆಂಗ?”

“ಗಂಟು ಕಟ್ಟಿ ಒಬ್ಬೊಬ್ಬರೇ ಹೊತ್ತು ದಾಟ್ಲಿ. ಮಂದಿ ಭಾರ ತಡೀತದ.”

ಹತ್ತಿ ಬಿಡಿಸಿದ್ದ ಕೂಲಿ ಹೆಂಗಸರ ಜೊತೆ ವಿರೂಪಣ್ಣನವರೂ ಗಂಟು ಹೊತ್ತರು. ಹುಸೇನಪ್ಪ ಹಳ್ಳಕ್ಕಿಳಿದು ಬೊಂಬುಗಳ ಬುಡ ಕಾಯತೊಡಗಿದ. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಮಟ್ಟದ ನೀರು ರಾಡಿಯಾಗಿ ಸೊಂಟಕ್ಕೆ ಬಂತು. ಕೊನೆಯ ಗಂಟು ಹೊತ್ತು ಮುದುಕಮ್ಮ ಸ್ಲ್ಯಾಬಿನ ನಡುವೆ ಇದ್ದಾಗ, ಬುಡಸಮೇತ ಕಿತ್ತ ಜಾಲಿ ಮರವೊಂದು ತೇಲಿ ಬಂತು.

“ನಿಲ್ಲಬ್ಯಾಡ! ಲಗೂನ ದಾಟು!” ಹುಸೇನಪ್ಪ ಕೂಗಿದ.

ಮರ ಬಂದು ಅಪ್ಪಳಿಸಿತು. ಬೊಂಬುಗಳು ಒಂದೊಂದಾಗಿ ಕಳಚಿ ನೀರುಪಾಲಾದವು. ಅವನೂ ಮುಗ್ಗರಿಸಿದ. ದಂಡೆಯ ಮೇಲೆ ಬೋರಲು ಮಲಗಿದ ವಿರೂಪಣ್ಣ ಅವನ ತೋಳು ಹಿಡಿದು ಜಗ್ಗಿದರು. ಮೇಲೆ ಬಂದವನೇ ತಿರುಗಿ ನೋಡಿದ. ಸ್ಲ್ಯಾಬ್ ನಿಂತಿತ್ತು. ಅಷ್ಟರಲ್ಲಿ ದಾಟಿ, ಗಂಟು ಎಸೆದು ಓಡಿ ಬಂದ ಮುದುಕಮ್ಮ ಅವನ ಬೆನ್ನಿಗೊಂದು ಗುದ್ದಿದಳು. “ನಿನಗೇನು ಬೊಂಬಿನ ಜತಿಗೆ ಹೋಗೂದಿತ್ತೇನು?”

ನಾಲ್ಕನೇ ದಿನ ನೀರು ಇಳಿದಾಗ ಹುಸೇನಪ್ಪ ಸ್ಲ್ಯಾಬಿನ ಉದ್ದಕ್ಕೂ ದಾರ ಹಿಡಿದು ನೋಡಿದ. ನಡುವೆ ಒಂದು ಬೆರಳಿನಷ್ಟು ಬಾಗಿತ್ತು. ಬರಿಗಣ್ಣಿಗೆ ಯಾರಿಗೂ ಕಾಣುತ್ತಿರಲಿಲ್ಲ. ತಾನೇ ವಿರೂಪಣ್ಣನವರ ಮನೆಗೆ ಹೋಗಿ ಹೇಳಿದ.

“ನಡುವ ಒಂದು ಕಂಬ ಕಟ್ಟಬೇಕ್ರೀ. ಅಲ್ಲೀತನ ಟ್ರ್ಯಾಕ್ಟರ್ ಬ್ಯಾಡ.”

ವಿರೂಪಣ್ಣ, “ಹೇಳದಿದ್ರ ನನಗ ಗೊತ್ತೇ ಆಗ್ತಿದ್ದಿಲ್ಲ,” ಎಂದರು. “ಕಟ್ಟು.”

ಹಳ್ಳ ಬತ್ತಿದ ಮೇಲೆ ಕಂಬ ಎದ್ದಿತು. ಅದು ಗಟ್ಟಿಯಾಗುವ ತನಕ ವಿರೂಪಣ್ಣ ಒಮ್ಮೆಯೂ ಅವಸರ ಮಾಡಲಿಲ್ಲ. ಮೊದಲ ಟ್ರ್ಯಾಕ್ಟರ್ ದಾಟಿದ ದಿನ ಹುಸೇನಪ್ಪ ಕಂಬಕ್ಕೆ ಅಂಗೈ ಒತ್ತಿ ಸೇತುವೆಯ ಕೆಳಗೇ ನಿಂತಿದ್ದ.