ಕೆಳಮನೆಯ ತಾಮ್ರದ ಹರಿವಾಣ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಕುರ್ಚಿಯ ಅಡಿಭಾಗಕ್ಕೆ. ಮನೆಯವರು ಕಾಫಿ ಮಾಡಲು ಒಳಗೆ ಹೋದ ತಕ್ಷಣ ಬಗ್ಗಿ, ಸೀಟಿನ ಕೆಳಗೆ ಕೈ ಹಾಕಿ, ಸ್ಕ್ರೂ ಇದೆಯೋ ಮರದ ಬೆಣೆ ಇದೆಯೋ ಎಂದು ಸವರಿ ನೋಡುತ್ತೇನೆ. ಒಮ್ಮೆ ಗ್ರೋನಿಂಗನ್‌ನಲ್ಲಿ ನನ್ನ ಗಂಡನ ಸ್ನೇಹಿತರ ಮನೆಯಲ್ಲಿ ಹೀಗೆಯೇ ಊಟದ ಮೇಜಿನ ಕೆಳಗೆ ತಲೆ ತೂರಿಸಿದ್ದಾಗ ಮನೆಯೊಡತಿ ಬಂದುಬಿಟ್ಟರು. "ಏನಾದ್ರೂ ಬಿತ್ತಾ?" ಎಂದರು. "ಓಲೆ ಬಿತ್ತು" ಎಂದೆ. ಅವರೂ ಪಾಪ ನನ್ನ ಜೊತೆ ಮಂಡಿಯೂರಿ ಹುಡುಕಿದರು. ಓಲೆ ಎರಡೂ ಕಿವಿಯಲ್ಲೇ ಇದ್ದವು.

ಈ ಹುಚ್ಚು ನನಗೆ ಹುಟ್ಟಿನಿಂದ ಬಂದದ್ದಲ್ಲ. ಅಪ್ಪ ಬ್ಯಾಂಕಿನವರು. ಮೂರು ವರ್ಷಕ್ಕೊಮ್ಮೆ ವರ್ಗ, ಮೂರು ವರ್ಷಕ್ಕೊಮ್ಮೆ ಬೇರೆ ಬಾಡಿಗೆ ಮನೆ. ಮಡಚುವ ಕಬ್ಬಿಣದ ಕುರ್ಚಿಗಳು, ರೆಕ್ಸಿನ್ ಸೋಫಾ, ಲಾರಿಯಲ್ಲಿ ಹೋಗಿ ಬಂದು ಸೊಟ್ಟಗಾದ ಸ್ಟೀಲ್ ಬೀರು, ಇಷ್ಟೇ ನಮ್ಮ ಸಾಮಾನು. ಇದನ್ನು ಯಾರು ಮಾಡಿದರು ಎಂದು ಕೇಳುವಂಥ ಒಂದು ವಸ್ತುವೂ ಮನೆಯಲ್ಲಿರಲಿಲ್ಲ. ಡಚ್ಚರ ನಾಡಿನ ಲೈಡನ್‌ಗೆ ಬಂದ ಮೊದಲ ವರ್ಷ ಕೂರಲು ಏನಾದರೂ ಬೇಕು ಎಂದು ನಾವಿಬ್ಬರೂ ಕ್ರಿಂಗ್‌ಲೋಪ್‌ಗೆ ಹೋದೆವು. ಜನ ತಮಗೆ ಬೇಡವಾದದ್ದನ್ನು ಕೊಟ್ಟುಹೋಗುವ, ಬೇಕಾದವರು ಅಗ್ಗಕ್ಕೆ ಕೊಂಡೊಯ್ಯುವ ಅಂಗಡಿ ಅದು. ಇಲ್ಲಿ ಪ್ರತಿ ಊರಿನಲ್ಲೂ ಇರುತ್ತದೆ. ಅಲ್ಲಿ ಒಂದು ಓಕ್ ಮರದ ಕುರ್ಚಿ ಸಿಕ್ಕಿತು. ನೆಟ್ಟಗೆ, ಗಂಭೀರವಾಗಿ ನಿಂತಿತ್ತು. ಸೀಟು ಜೊಂಡುಹುಲ್ಲಿನ ಹೆಣಿಗೆ. ಎತ್ತಲು ಹೋದರೆ ಸೊಂಟ ಹಿಡಿಯುವಷ್ಟು ಭಾರ.

ಅಂಗಡಿಯಲ್ಲಿ ಸ್ವಯಂಸೇವಕರಾಗಿದ್ದ ಮುದುಕರೊಬ್ಬರು ಅದನ್ನು ತಲೆಕೆಳಗು ಮಾಡಿ ನನಗೆ ತೋರಿಸಿದರು. ಒಂದು ಮೊಳೆ ಇಲ್ಲ. ಒಂದು ಮರದ ನಾಲಿಗೆ ಇನ್ನೊಂದು ಮರದ ತೂತಿನೊಳಗೆ ತೂರಿ ಆಚೆ ಬದಿಗೆ ಬಂದು, ಬೆಣೆಯ ಮೇಲೆ ನಿಂತಿತ್ತು. ನೂರು ವರ್ಷಕ್ಕೂ ಹಿಂದೆ, ಕಾರ್ಖಾನೆಯ ಥಳುಕಿನ ಸಾಮಾನು ನೋಡಿ ಬೇಸತ್ತ ಕೆಲವರು ಕೈಯಿಂದಲೇ ಮಾಡೋಣ, ಮಾಡಿದ ಗುರುತನ್ನು ಮುಚ್ಚಿಡದೆ ತೋರಿಸೋಣ ಎಂದು ಹೊರಟರಂತೆ. ಇಂಗ್ಲೆಂಡಿನಲ್ಲಿ ಅದಕ್ಕೆ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಎಂದರು. ಆ ಗಾಳಿ ಸಮುದ್ರ ದಾಟಿ ಇಲ್ಲಿಗೂ ಬೀಸಿತು. ಮುದುಕರು ಹೇಳುತ್ತಿದ್ದರೆ ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಒಂದು ಕುರ್ಚಿ ತಾನು ಹೇಗೆ ನಿಂತಿದ್ದೇನೆ ಎಂಬುದನ್ನು ತಾನೇ ತೋರಿಸುತ್ತದೆ ಎಂಬುದು ನನಗೆ ಬಹಳ ಖುಷಿ ಕೊಟ್ಟಿತು.

ಅಲ್ಲಿಂದ ಶುರು. ಕುರ್ಚಿಯ ನಂತರ ಪುಟ್ಟ ಪುಸ್ತಕದ ಕಪಾಟು, ಓಡದ ಗಡಿಯಾರ, ನವಿಲಿನ ಚಿತ್ರದ, ಗೋಡೆಗೆ ಕೂರಿಸುವ ಎರಡು ಹೆಂಚು, ಚಹಾ ಸೊಪ್ಪು ಇಡುವ ಒಂದು ಮರದ ಪೆಟ್ಟಿಗೆ. ನಾವಿರುವುದು ಮೇಲಿನ ಮಹಡಿ. ಇಲ್ಲಿನ ಮೆಟ್ಟಿಲು ಏಣಿಯಷ್ಟೇ ಕಡಿದು. ಕಪಾಟನ್ನು ಹಗ್ಗ ಕಟ್ಟಿ, ಸಾಮಾನು ಮೇಲೆತ್ತಲೆಂದೇ ಇಲ್ಲಿನ ಮನೆಗಳ ಮುಂದೆ ಸೂರಿನಡಿ ಇರುವ ಕೊಕ್ಕೆಯಿಂದ ಕಿಟಕಿಗೆ ಎಳೆದುಕೊಂಡೆವು. ಹಗ್ಗ ಎಳೆದು ಅಂಗೈ ಕೆಂಪಾದ ಗಂಡ, "ಇದು ಮನೇನಾ, ಗುಜರಿ ಅಂಗಡೀನಾ? ಒಂದು ಬೋರ್ಡ್ ಹಾಕ್ಬಿಡು" ಎಂದ. ಹಾಗೆ ಅಂದವನೇ ಬಾಡ್‌ಹೂವೆಡಾರ್ಪ್ ಎಂಬ ಊರಿನ ಆಫೀಸಿಗೆ ಹೋಗುವ ದಾರಿಯಲ್ಲಿ ಮೊಬೈಲ್ ನೋಡುತ್ತಾ, "ಇಲ್ಲೊಂದು ಸ್ಟೂಲ್ ಇದೆ, ನಿನ್ನ ಥರದ್ದೇ" ಎಂದು ಫೋಟೋ ಕಳಿಸುತ್ತಾನೆ.

ಹಳೆಯ ಮರದ ವಿಷಯದಲ್ಲಿ ನಾನು ಪಾಠ ಕಲಿತಿದ್ದೆ. ಉಜ್ಜಬಾರದು, ಪಾಲಿಶ್ ಹಚ್ಚಬಾರದು, ಮೇಲಿನ ಆ ಮಬ್ಬು ಬಣ್ಣವೇ ಅದರ ಬೆಲೆ. ಮನೆಗೆ ಬಂದ ಕನ್ನಡದ ಹುಡುಗರು ಒದ್ದೆ ಗ್ಲಾಸನ್ನು ಕಪಾಟಿನ ಮೇಲಿಟ್ಟರೆ ಸಾಕು, ಕಾಲು ಗಂಟೆ ಉಪನ್ಯಾಸ ಕೊಡುತ್ತಿದ್ದೆ. ಕೇಳಿದವರ ಪುಣ್ಯ ದೊಡ್ಡದು.

ನಮ್ಮ ಕೆಳಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಹೆಂಗಸು ಒಬ್ಬರೇ ಇದ್ದರು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ನಾನು ಅವರನ್ನು ಇಲ್ಲಿಯ ರೂಢಿಯಂತೆ ಮೆವ್ರೌ, ಅಂದರೆ ಅಮ್ಮನವರೇ, ಎಂದು ಕರೆಯುತ್ತಿದ್ದೆ. ನನ್ನ ಹರಕು ಡಚ್ಚನ್ನು ವಾಕ್ಯಕ್ಕೊಮ್ಮೆ ತಡೆದು ತಿದ್ದುತ್ತಿದ್ದರು. ನಮ್ಮ ಮಾತೆಲ್ಲ ಆ ಭಾಷೆಯಲ್ಲೇ, ಇಲ್ಲಿ ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಮನೆಯ ಓಕ್ ಮರದ ಉದ್ದನೆಯ ಕಪಾಟಿನ ಮೇಲೆ, ಗೋಡೆಗೆ ಒರಗಿಸಿ, ಒಂದು ತಾಮ್ರದ ಹರಿವಾಣ ಇಟ್ಟಿದ್ದರು.

ಅದನ್ನು ನೋಡಿದ ದಿನವೇ ನನ್ನ ಕಣ್ಣು ಅದರ ಮೇಲೆ ಬಿತ್ತು. ಒಂದು ಮೊಳಕ್ಕಿಂತ ಅಗಲ. ಅಂಚಿನ ಸುತ್ತ ಹಿಂಬದಿಯಿಂದ ಬಡಿದು ಉಬ್ಬಿಸಿದ ಓಕ್ ಎಲೆಗಳು. ಮೈತುಂಬ ಕಪ್ಪು, ಚೆನ್ನಾಗಿ ಇಳಿದ ಡಿಕಾಕ್ಷನ್ನಿನ ಕಪ್ಪು. ಮಧ್ಯಾಹ್ನದ ಬಿಸಿಲು ಬಿದ್ದಾಗ ಮಾತ್ರ ಎಲ್ಲೋ ಆಳದಲ್ಲಿ ಕೆಂಪು ಕಾಣುತ್ತಿತ್ತು. ಅವರ ತಾಯಿ ಮದುವೆಗೆ ಮುಂಚೆ, ಹೆಂಗಸರಿಗೆಂದು ನಡೆಸುತ್ತಿದ್ದ ಸಂಜೆಯ ಕಸುಬಿನ ತರಗತಿಯಲ್ಲಿ ಮಾಡಿದ್ದಂತೆ. ತಾಯಿಯ ಕೈಯದು ಎಂದು ಉಳಿದದ್ದು ಅದೊಂದೇ.

ನಾನು ಅವರ ತಲೆ ತಿಂದುಬಿಟ್ಟೆ. ಸುತ್ತಿಗೆ ಮರದ್ದೋ ಕಬ್ಬಿಣದ್ದೋ? ತಗಡಿನ ಕೆಳಗೆ ಏನಿಟ್ಟು ಬಡಿಯುತ್ತಿದ್ದರು? ಮರಳಿನ ಚೀಲವೋ, ಅರಗೋ? ಎಲೆಯ ಚಿತ್ರ ಯಾರು ಬರೆದುಕೊಟ್ಟರು? ಗೊತ್ತಿದ್ದದ್ದಕ್ಕೆ ಉತ್ತರ ಹೇಳಿ, ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಮುಂದಿನದು" ಎನ್ನುತ್ತಿದ್ದರು, ತರಗತಿಯಲ್ಲಿ ಅನ್ನುವ ಹಾಗೆ. ಜನವರಿಯಲ್ಲಿ ಅವರು ಎರಡು ಕೋಣೆಯ ವೃದ್ಧರ ವಸತಿಗೆ ಹೋಗುವವರಿದ್ದರು. ಕಪಾಟು ಅಣ್ಣನ ಮಗನಿಗೆ, ಪುಸ್ತಕ ಗ್ರಂಥಾಲಯಕ್ಕೆ, ಹೀಗೆ ಒಂದೊಂದನ್ನೇ ಹಂಚುತ್ತಿದ್ದರು. ಹರಿವಾಣ ಯಾರಿಗೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನನಗೇ ಕೊಡಲಿ ಎಂದು ಮನಸ್ಸು ಒಳಗೊಳಗೇ ಹಂಬಲಿಸುತ್ತಿತ್ತು. ನಾಚಿಕೆಯ ಮಾತು, ಆದರೆ ನಿಜ.

ಅಕ್ಟೋಬರಿನಲ್ಲಿ ಒಂದು ದಿನ ಧೈರ್ಯ ಮಾಡಿ ಕೇಳಿದೆ. "ನಾಲ್ಕು ದಿನ ನಮ್ಮನೇಲಿ ಇಟ್ಕೊಳ್ಲಾ? ಭೂತಗನ್ನಡಿ ಹಿಡಿದು ಸುತ್ತಿಗೆ ಏಟು ನೋಡ್ಬೇಕು."

ಅವರು ಅದನ್ನು ಟವೆಲಿನಲ್ಲಿ ಸುತ್ತಿ ನನ್ನ ತೋಳಿಗೆ ಇಟ್ಟರು. "ಭಾನುವಾರ ವಾಪಸ್ ತರ್ಬೇಕು."

ಮೂರು ದಿನ ಹರಿವಾಣವನ್ನು ಕಿಟಕಿಯ ಬಳಿ ಇಟ್ಟುಕೊಂಡು ನೋಡಿದ್ದೇ ನೋಡಿದ್ದು. ಕಪ್ಪಿನ ಕೆಳಗೆ ಏಟಿನ ಗುರುತುಗಳು ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಶನಿವಾರ ದೀಪಾವಳಿಯ ತಯಾರಿ. ದೀಪಗಳನ್ನು, ಪಂಚಪಾತ್ರೆಯನ್ನು, ನೀರಿನ ತಂಬಿಗೆಯನ್ನು ತೊಳೆಯಲು ಹುಣಸೆಹಣ್ಣು ನೆನೆಸಿದ್ದೆ. ಮನೆಯ ಹಿರಿಮಗಳು ನಾನು. ಪ್ರತಿ ಹಬ್ಬಕ್ಕೂ ತಾಮ್ರ ಹಿತ್ತಾಳೆ ಉಜ್ಜುವ ಕೆಲಸ ನನ್ನದೇ ಆಗಿತ್ತು, ನಾನು ಉಜ್ಜಿದ ತಂಬಿಗೆಯಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಎಲ್ಲ ಉಜ್ಜಿ ಮುಗಿದರೂ ಬಟ್ಟಲಲ್ಲಿ ಹುಣಸೆಹಣ್ಣು ಮಿಕ್ಕಿತ್ತು.

ಮುಂದಿನದನ್ನು ನೀವು ಊಹಿಸಿರುತ್ತೀರಿ. ನಾನು ಮಾತ್ರ ಊಹಿಸಲಿಲ್ಲ. ಮರದ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವವಳಿಗೆ ತಾಮ್ರದ ಬಗ್ಗೆ ಯಾರಿಂದ ಕಲಿಯುವುದೇನಿದೆ ಎಂಬ ಜಂಬ. ಮರ ನಾನು ಇಲ್ಲಿಗೆ ಬಂದು ಕಲಿತ ವಿದ್ಯೆ. ತಾಮ್ರ ನಮ್ಮ ಅಡುಗೆಮನೆಯದು. ಕಪ್ಪಾದ ತಾಮ್ರವೆಂದರೆ ಯಾರೂ ಉಜ್ಜದೆ ಬಿಟ್ಟ ತಾಮ್ರ, ಅಷ್ಟೇ. ವಯಸ್ಸಾದವರು, ಕೈಲಾಗಿಲ್ಲ, ಪಾಪ, ಎಂದುಕೊಂಡೆ. ಹುಣಸೆಹಣ್ಣಿಗೆ ಒಂದು ಚಿಟಿಕೆ ಉಪ್ಪು ಬೆರೆಸಿ ಅಂಚಿನ ಒಂದು ಎಲೆಯ ಮೇಲೆ ತಿಕ್ಕಿದೆ. ಎಲೆ ಕೆಂಪಗೆ ಎದ್ದು ಬಂತು. ದಿನವಿಡೀ ಲ್ಯಾಬಿನಲ್ಲಿ ರಾಸಾಯನಿಕಗಳ ಜೊತೆ ಇರುವವಳು ನಾನು, ಹುಳಿ ಏನು ಮಾಡುತ್ತಿದೆ ಎಂದು ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೇ ಖುಷಿಯಾಗುತ್ತಿತ್ತು. ಇನ್ನೊಂದು ಎಲೆ, ಮತ್ತೊಂದು. ಅರ್ಧ ಗಂಟೆಯಲ್ಲಿ ಸಿಂಕಿನಲ್ಲಿ ಕಪ್ಪು ನೀರು, ಕೈಯಲ್ಲಿ ಫಳಫಳ ಹೊಳೆಯುವ ಹರಿವಾಣ. ಒಂದೊಂದು ಏಟೂ ಎಣಿಸುವಷ್ಟು ಸ್ಪಷ್ಟ. ನಡುವಿನ ಏಟುಗಳು ಸಾಲಾಗಿ, ಹದವಾಗಿ ಬಿದ್ದಿದ್ದವು, ಅಂಚಿನವು ಅಡ್ಡಾದಿಡ್ಡಿ. ಇಬ್ಬರ ಕೈ ಇರಬಹುದೇ ಎಂದು ಭೂತಗನ್ನಡಿ ಹಿಡಿದು ಕೂತೆ. ಆ ಸಂಜೆ ನನ್ನಷ್ಟು ಸುಖಿ ಲೈಡನ್‌ನಲ್ಲಿ ಇನ್ನೊಬ್ಬರಿರಲಿಲ್ಲ.

"ಏನೇ ಇದು, ಹೊಸದು ತಂದ್ಯಾ?" ಎಂದ ಗಂಡ.

"ಕೆಳಗಿನವರದ್ದೇ. ನೋಡು, ನಾಳೆ ಎಷ್ಟು ಖುಷಿ ಪಡ್ತಾರೆ."

ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಭಾನುವಾರ ಅದರ ಮೇಲೆ ಕಾಗದ ಹಾಸಿ, ಕೋಡುಬಳೆ ಜೋಡಿಸಿ, ಮೆಟ್ಟಿಲಿಳಿದು ಬಾಗಿಲು ತಟ್ಟಿದೆ.

ಅವರು ಬಾಗಿಲು ತೆರೆದು ಕೋಡುಬಳೆ ನೋಡಿ ನಕ್ಕರು. ಆಮೇಲೆ ಅಂಚು ನೋಡಿದರು. ನಗು ಒಂದೇ ಸಲಕ್ಕೆ ಹೋಗಲಿಲ್ಲ, ಬಾಯಲ್ಲಿ ಇನ್ನೂ ಇತ್ತು, ಕಣ್ಣಿನಲ್ಲಿ ಇರಲಿಲ್ಲ. ಒಂದು ಬೆರಳಿನಿಂದ ಎಲೆಯೊಂದನ್ನು ಮುಟ್ಟಿದರು.

"ಏನ್ ಮಾಡ್ದೆ?"

"ತೊಳೆದೆ. ನಮ್ಮಲ್ಲಿ ಹುಣಸೆಹಣ್ಣಲ್ಲಿ..."

"ಹಾಳು ಮಾಡ್ದೆ" ಎಂದರು. ದನಿ ಏರಿಸಲಿಲ್ಲ. ಇಲ್ಲಿನವರು ಇಂಥದ್ದನ್ನು ಬೆಣ್ಣೆ ಹಚ್ಚಿ ಹೇಳುವುದಿಲ್ಲ. ಅವರು ಕೋಡುಬಳೆಯನ್ನು ಕಾಗದದ ಸಮೇತ ಎತ್ತಿ ನನಗೆ ಕೊಟ್ಟು, ಹರಿವಾಣ ಮಾತ್ರ ತೆಗೆದುಕೊಂಡರು. "ಈಗ ನಾನು ಮಾತಾಡಲ್ಲ. ಗುರುವಾರ ಹತ್ತೂವರೆಗೆ ಬಾ."

ಜಗಳಕ್ಕೂ ಅಪಾಯಿಂಟ್‌ಮೆಂಟ್ ಕೊಡುವ ದೇಶ ಇದು. ಬೇರೆ ದಿನವಾಗಿದ್ದರೆ ನಕ್ಕಿರುತ್ತಿದ್ದೆ. ಆ ನಾಲ್ಕು ದಿನ ಊಟ ರುಚಿಸಲಿಲ್ಲ. "ಅವರಿಗೆ ಗೊತ್ತಿಲ್ಲ ಬಿಡು, ಕ್ಲೀನ್ ಮಾಡಿದ್ದು ತಪ್ಪಾ?" ಎಂದು ಸಮಾಧಾನ ಹೇಳಲು ಬಂದ ಗಂಡನ ಮೇಲೆ ರೇಗಿದೆ. ಹಬ್ಬದ ದೀಪಗಳು ಥಳಥಳಿಸುತ್ತಿದ್ದವು. ನೋಡಲು ಬೇಸರವಾಯಿತು.

ಗುರುವಾರ ರಜೆ ಹಾಕಿ, ಹತ್ತೂವರೆಗೆ ಸರಿಯಾಗಿ ಹೋದೆ. ಕಾಫಿ ಕೊಟ್ಟರು, ಒಂದು ಬಿಸ್ಕತ್ತು ಕೊಟ್ಟರು. ಹರಿವಾಣ ಮೇಜಿನ ಮೇಲೆ ನಮ್ಮಿಬ್ಬರ ನಡುವೆ ಇತ್ತು.

"ಸುತ್ತಿಗೆ ಹಿಡಿಯೋಕೆ ಅಮ್ಮನಿಗೆ ಅಷ್ಟಾಗಿ ಬರ್ತಿರ್ಲಿಲ್ಲ" ಎಂದರು. "ನಡುಭಾಗ ಪೂರ್ತಿ ತರಗತಿಯ ಮೇಷ್ಟ್ರೇ ಬಡಿದುಕೊಟ್ಟಿದ್ರಂತೆ. ಎಲೆಗಳನ್ನೂ ಅವರೇ ಅಮ್ಮನ ಕೈ ಹಿಡಿದು ಬಡಿಸಿದ್ರಂತೆ. ಬಣ್ಣ ಮಾತ್ರ ಅವಳೇ ಕೊಟ್ಟದ್ದು. ಗಂಧಕದ ನೀರು ಕಾಸಿ, ಹಿತ್ತಲಲ್ಲಿ. ಕೊಳೆತ ಮೊಟ್ಟೆ ವಾಸನೆ ಅಂತ ನನ್ನಜ್ಜಿ ಬೈದು ಬೈದು ಬಾಗಿಲು ಹಾಕ್ಕೊಂಡಿದ್ರಂತೆ. ಮೂರು ಸಲ ಕೆಟ್ಟು, ನಾಲ್ಕನೇ ಸಲ ಬಂತಂತೆ ಆ ಕಪ್ಪು. ಸಾಯೋವರೆಗೂ ಹೇಳ್ಕೊಂಡು ನಗ್ತಿದ್ಲು."

ಹಾಗಾದರೆ ಅದು ಕೊಳೆಯಲ್ಲ, ವಯಸ್ಸೂ ಅಲ್ಲ. ಆ ಹರಿವಾಣದಲ್ಲಿ ಪೂರ್ತಿ ಅವರ ತಾಯಿಯದೇ ಎಂದು ಇದ್ದದ್ದು ಆ ಕಪ್ಪು ಒಂದೇ. ನಾನು ಅದನ್ನು ಸಿಂಕಿನಲ್ಲಿ ಹರಿಯಬಿಟ್ಟಿದ್ದೆ.

"ನೀವು ಹೇಳಲೇ ಇಲ್ಲ" ಎಂದೆ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

"ನೀನು ಕೇಳಲೇ ಇಲ್ಲ. ಸುತ್ತಿಗೆ ಕೇಳ್ದೆ, ಮರಳು ಕೇಳ್ದೆ, ಅರಗು ಕೇಳ್ದೆ. ನಲವತ್ತು ಪ್ರಶ್ನೆ ಕೇಳ್ದೆ. ಯಾಕೆ ಕಪ್ಪಗಿದೆ ಅಂತ ಒಂದು ಸಲ ಕೇಳ್ಲಿಲ್ಲ."

ನಿಜ. ಗೊತ್ತಿಲ್ಲದ್ದನ್ನೆಲ್ಲ ಕೇಳಿದ್ದೆ; ಗೊತ್ತಿದೆ ಎಂದುಕೊಂಡ ಒಂದನ್ನು ಕೇಳಿರಲಿಲ್ಲ. ಲ್ಯಾಬಿನಲ್ಲಿ ಅದೇ ಗಂಧಕದ ದ್ರಾವಣ ಮಾಡಬಹುದು, ಹತ್ತು ನಿಮಿಷದ ಕೆಲಸ, ಅದೇ ಬಣ್ಣ ಬರುವಂತೆ ಮಾಡಿಕೊಡುತ್ತೇನೆ ಎಂದು ಬಡಬಡಿಸಿದೆ.

"ಬರುತ್ತೆ" ಎಂದರು. "ಆದ್ರೆ ಅದು ನಿನ್ನ ಬಣ್ಣ ಆಗುತ್ತೆ. ನನಗೆ ಬೇಡ."

ಕಾಫಿ ಮುಗಿಯಿತು. ಲೋಟಗಳನ್ನು ಒಳಗಿಟ್ಟು ಬಂದವರು ಹರಿವಾಣವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನನ್ನ ಮುಂದೆ ನಿಂತರು.

"ನಿನಗೆ ಇದು ಬೇಕಿತ್ತು. ಇಲ್ಲ ಅನ್ಬೇಡ, ನೀನು ನೋಡೋದನ್ನ ನಾನು ಎರಡು ವರ್ಷದಿಂದ ನೋಡ್ತಿದ್ದೀನಿ. ಜನವರಿಯಲ್ಲಿ ನಿನಗೇ ಕೊಡೋಣ ಅಂತಿದ್ದೆ. ನಾನು ಕೊಡಬೇಕು ಅಂತಿದ್ದದ್ದು ಇದಲ್ಲ. ಈಗ ಇರೋದು ಇದೇ. ತಗೋ."

ಬೇಡ ಎನ್ನಬೇಕಿತ್ತು. ನನಗೆ ಯೋಗ್ಯತೆ ಇಲ್ಲ, ನಿಮ್ಮ ಬಳಿಯೇ ಇರಲಿ ಎನ್ನಬೇಕಿತ್ತು. ಆ ಮಾತಿಗೆ ಬೇಕಾದ ಡಚ್ ಪದಗಳೆಲ್ಲ ನನಗೆ ಬರುತ್ತಿದ್ದವು. ಆದರೆ ಅವರ ಕೈಯಲ್ಲಿ ಓರೆಯಾಗಿದ್ದ ಹರಿವಾಣದ ಅಂಚಿನಲ್ಲಿ ಆ ಅಡ್ಡಾದಿಡ್ಡಿ ಏಟುಗಳು ಕಾಣುತ್ತಿದ್ದವು. ಅಲ್ಲಿ ಮೇಷ್ಟ್ರ ಕೈ ಎಲ್ಲಿಗೆ ನಿಂತಿತು, ತಾಯಿಯ ಕೈ ಎಲ್ಲಿಂದ ಶುರುವಾಯಿತು ಎಂದು ನನಗೆ ಆಗಲೂ ತಿಳಿಯಬೇಕಿತ್ತು. ಆಗಲೂ ಅದು ನನಗೆ ಬೇಕಿತ್ತು. ನಾನು ಎರಡೂ ಕೈ ಚಾಚಿದೆ.