ಅರಸೀಕೆರೆಗೆ ಹೋದ ಎದುರುಮನೆ ಅಜ್ಜಿ

ಮೊನ್ನೆ ಓಣಿಯಲ್ಲಿ ಯಾರದೋ ಮನೆಯಿಂದ ಗುರೆಳ್ಳು ಹುರಿಯುವ ವಾಸನೆ ಬಂತು. ಕಸ ಗುಡಿಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಕೊಟ್ಟೂರಿನ ಈ ಓಣಿಯಲ್ಲೇ ಇದ್ದ ಎದುರುಮನೆ ಅಜ್ಜಿ ನೆನಪಾದಳು... ಸೀರೆಯ ತುಂಬ ಗುರೆಳ್ಳು ಚಟ್ನಿಯ ವಾಸನೆ, ಬಾಯಿಯ ತುಂಬ ಬೈಗುಳ.

ಆಗ ನಾನು ಬಸುರಿ. ಹಿಂದೊಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಅದರ ಜೊತೆ ದಿನವೂ ಮಾತಾಡುತ್ತಿದ್ದೆ, ಹೆಸರೂ ಇಟ್ಟಿದ್ದೆ. ಹಾಗಾಗಿ ಈ ಸಲ ಕೈಗೆ ಬರುವ ತನಕ ಮಾತಾಡುವುದೇ ಇಲ್ಲ ಎಂದು ಹಟ ಹಿಡಿದಿದ್ದೆ. ಹಟ ಎಲ್ಲಿಯದು, ಬರೀ ಹೆದರಿಕೆ.

ಕೂಸಿಗೆ ಒಳ್ಳೆಯ ಸಂಸ್ಕಾರ ಬರಲಿ ಎಂದು ನಮ್ಮತ್ತೆ ದಿನಾ ಮಧ್ಯಾಹ್ನ ನನ್ನ ಹೊಟ್ಟೆಯ ಮೇಲೆ ಮೊಬೈಲ್ ಇಟ್ಟು ವಚನ ಹಾಕುತ್ತಿದ್ದರು. ನಡುನಡುವೆ ಸೋಪಿನ ಜಾಹೀರಾತು ಬರುತ್ತಿತ್ತು. ಕಟ್ಟೆ ಏರಿ ಬಂದ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುವಳು. "ಅದು ಮದ್ಲ ನೀರಾಗ ಕುಂತೈತಿ, ಅದಕ್ಕ ಸೋಪು ಬ್ಯಾರೆ ಮಾರ್ತೀರೇನಬೇ?"

ಆಮೇಲೆ ಮೊಬೈಲ್ ಸರಿಸಿ, ನನ್ನ ಹೊಟ್ಟೆಯ ಹತ್ತಿರ ಬಾಗಿ ತನ್ನ ಪಂಚಾಯ್ತಿ ಶುರು ಮಾಡುವಳು. ಮೊಣಕಾಲು ನೋವು, ಹಿತ್ತಲಿಗೆ ನುಗ್ಗಿದ ಪಕ್ಕದ ಮನೆಯ ಕೋಳಿ, ಅಳಿಯನ ಸೊಕ್ಕು, ಎಲ್ಲವೂ ಆ ಕೂಸಿಗೇ ವರದಿ. "ಕೇಳಿಲ್ಲಿ, ನಿಮ್ಮವ್ವ ಇವತ್ತ ರೊಟ್ಟಿ ಅರ್ಧಕ್ಕ ಬಿಟ್ಟಾಳ. ಒಂದು ಒದಿ ಆಕೀಗೆ!" ಅದು ಒದೆಯುತ್ತಿತ್ತು. ವಚನಕ್ಕೆ ಅಲುಗದ ಕೂಸು ಚಾಡಿಮಾತಿಗೆ ಒದೆಯುವುದನ್ನು ಕಂಡು ಅತ್ತೆಯ ಮುಖ ಸಣ್ಣದಾಗುತ್ತಿತ್ತು.

"ನೀನೂ ಒಂದೆರಡು ಮಾತಾಡವ್ವಾ," ಎನ್ನುವಳು ನನಗೆ. "ನನ್ನ ದನಿ ಒಂದ ಗುರ್ತು ಹಿಡಕೊಂಡು, ಹುಟ್ಟಿದ ಕೂಡ್ಲೆ ನನ್ನ ಮನಿಗೆ ಬಂತಂದ್ರ ಏನ್ ಮಾಡ್ತಿ?" ನಾನು ನಕ್ಕು, ಚಹಾ ಇಡುವ ನೆವದಲ್ಲಿ ಒಳಗೆ ಎದ್ದು ಹೋಗುತ್ತಿದ್ದೆ.

ಹಡಗಲಿಯ ತವರಿಗೆ ನಾಲ್ಕು ದಿನ ಹೋಗಿ ಬಂದೆ. ಎದುರುಮನೆಗೆ ಬೀಗ. "ಅರಸೀಕೆರಿಗೆ ಹೋಗ್ಯಾಳ, ಮಗಳ ಮನಿಗೆ," ಎಂದರು ಅತ್ತೆ, ಆರಿಸಿಟ್ಟ ಅಕ್ಕಿಯನ್ನೇ ಮತ್ತೆ ಆರಿಸುತ್ತ.

ವಾರ ಕಳೆಯಿತು, ತಿಂಗಳೂ ಆಯಿತು. ಮುದುಕಿಯ ಸುಳಿವಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅಳಿಯನನ್ನು ಅಷ್ಟು ಬೈದವಳು ಅವನ ಮನೆಯಲ್ಲೇ ಠಿಕಾಣಿ ಹೂಡುವುದೇ? ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತವಳು ತಡೆಯಲಾರದೆ ಹೊಟ್ಟೆಯ ಮೇಲೆ ಕೈಯಿಟ್ಟು ಅಂದೇಬಿಟ್ಟೆ: "ನೋಡಿದೇನು ನಿಮ್ಮಜ್ಜೀನ? ಹೇಳದ ಕೇಳದ ಹೋಗ್ಯಾಳ. ಬರ್ಲಿ, ಇಬ್ರೂ ಕೂಡಿ ಬೈಯೋಣು."

ಕೂಸು ಒದೆಯಿತು. ನನ್ನ ಮಾತಿಗೆ! ನಗುವೂ ಅಳುವೂ ಒಟ್ಟಿಗೇ ಬಂದವು... ಅಲ್ಲಿಂದ ನಮ್ಮಿಬ್ಬರಿಗೂ ಅದೇ ಕೆಲಸ. ಅಜ್ಜಿಯನ್ನು ಬೈದದ್ದೇ ಬೈದದ್ದು. ಅವಳ ಚಟ್ನಿಯ ಖಾರ, ಪುರಾಣ ಕೇಳುತ್ತ ಹೊಡೆಯುವ ಗೊರಕೆ, ಯಾವುದನ್ನೂ ಬಿಡಲಿಲ್ಲ. ಒಳಗೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಉಳ್ಳಾಗಡ್ಡಿ ಹೆಚ್ಚುತ್ತಿರಬೇಕು ಅಂದುಕೊಂಡೆ.

ಹೆರಿಗೆಯಾಯಿತು. ಹೆಣ್ಣು. ಕಿವಿ ಗಡಚಿಕ್ಕುವಂತೆ ಅಳುತ್ತಿತ್ತು. "ಸುಮ್ನಿರವ್ವಾ, ಅಜ್ಜಿ ಬರ್ಲಿ, ಬೈಯೋಣು," ಎಂದೆ. ಗಪ್ಪನೆ ಸುಮ್ಮನಾಗಿ ನನ್ನತ್ತ ಮುಖ ತಿರುಗಿಸಿತು. ದನಿಯ ಗುರುತು ಹಿಡಿದಿತ್ತು. ಪಕ್ಕದಲ್ಲಿದ್ದ ಅತ್ತೆ ಗೊಳೋ ಎಂದು ಅಳತೊಡಗಿದರು.

"ಆಕಿ ಬರಂಗಿಲ್ಲವ್ವಾ... ನೀ ತವರಿಗೆ ಹೋದಾಗ ಹೋಗಿಬಿಟ್ಲು. ಬಸರಿ ಹೆಂಗಸಿಗೆ ಸಾವಿನ ಸುದ್ದಿ ಹೆಂಗ ಹೇಳೂದು?"

ಇಡೀ ಓಣಿಗೆ ಗೊತ್ತಿತ್ತಂತೆ. ಹೂವಿನವಳು ಕೂಡ "ಅರಸೀಕೆರ್ಯಾಗ ಆರಾಮ ಅದಾಳಂತ" ಎಂದು ನನ್ನ ಮುಖ ನೋಡಿಯೇ ಸುಳ್ಳು ಹೇಳಿದ್ದಳು. ಅಷ್ಟು ದಿನ ಹರಟೆ ಹೊಡೆದ ಕೂಸನ್ನು ಅಜ್ಜಿ ಒಮ್ಮೆಯೂ ನೋಡಲಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಮೊನ್ನೆ ನನ್ನ ಕಣ್ಣು ತುಂಬಿದ್ದನ್ನು ನೋಡಿ, "ಯಾಕವ್ವಾ?" ಅಂದಳು.

"ಎದುರುಮನಿ ಅಜ್ಜಿ ನೆನಪಾದ್ಲು. ನಿನ್ನ ಕೂಡ ನನಗಿಂತ ಮದ್ಲ ಮಾತಾಡಿದಾಕಿ."

"ಈಗ ಎಲ್ಲಿ ಅದಾಳ?"

ಸತ್ತಿದ್ದಾಳೆ ಎನ್ನಲು ಬಾಯಿ ಬರಲಿಲ್ಲ. "ಅರಸೀಕೆರಿಗೆ ಹೋಗ್ಯಾಳ," ಎಂದೆ.

"ನಮಗ ಹೇಳದ ಹೋದ್ಲೇನು?"

"ಹೂಂ... ಹೇಳದ ಹೋದ್ಲು."

ಮಗಳು ಸೊಂಟಕ್ಕೆ ಕೈಯಿಟ್ಟು ಎದುರುಮನೆಯ ಬಾಗಿಲನ್ನು ದಿಟ್ಟಿಸಿದಳು.

"ಬರ್ಲಿ," ಎಂದಳು, "ಇಬ್ರೂ ಕೂಡಿ ಬೈಯೋಣು."