ಅಕ್ಕನ ಆರು ವರ್ಷ

ದೇವದುರ್ಗದ ಬ್ಯಾಂಕಿನ ಜಾಲರಿಯ ಹಿಂದೆ ಕೂತಿದ್ದ ಜಾಹೆದಾ ಅಂಕಪಟ್ಟಿಯನ್ನು ಎರಡು ಸಲ ಓದಿ, ಎದುರಿಗೆ ನಿಂತ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನವ್ವಾ ಯಂಕಮ್ಮ, ನಿನಗ ಇಪ್ಪತ್ಮೂರೇನು? ನನಗಿಂತ ಒಂದೇ ವರ್ಷ ಸಣ್ಣಾಕಿ! ನೋಡಿದ್ರ ನಿನ್ನೆ ಮೊನ್ನೆ ಲಂಗ ಬಿಟ್ಟಾಕಿ ಹಂಗ ಕಾಣ್ತೀ."

"ಇಲ್ರೀ ಅಕ್ಕಾರ, ನನಗ ಹದಿನೇಳು."

"ನಿನಗ ಹದಿನೇಳಿರಬೇಕು. ಈ ಕಾಗದಕ್ಕ ಇಪ್ಪತ್ಮೂರು."

ಅದು ಎಂಬತ್ತೈದನೆಯ ಇಸವಿಯ ಜೂನ್. ಅರಕೇರಾದ ಕುರಿಗಾರ ಕನಕಪ್ಪನ ಮಗಳು ಯಂಕಮ್ಮ ದೇವದುರ್ಗಕ್ಕೆ ಬಸ್ಸಿನಲ್ಲಿ ಓಡಾಡಿ ಪಿಯುಸಿ ಪಾಸಾಗಿದ್ದಳು. ಊರಿನ ಹಿರಿಯರೆಲ್ಲ ಜಾಲರಿಯ ಮುಂದೆ ಕೈಕಟ್ಟಿ ನಿಂತು ಜಾಹೆದಾಳನ್ನು "ಅಕ್ಕಾರ" ಅನ್ನುವುದನ್ನು ಕಂಡ ದಿನದಿಂದ ಅವಳಿಗೆ ಬ್ಯಾಂಕಿನ ಕೆಲಸವೊಂದೇ ಧ್ಯಾನ. ಯಾವ ಕಾಲೇಜು ಸೇರಲಿ ಎಂದು ಕೇಳಲು ಬಂದಿದ್ದಳು.

"ರಾಯಚೂರಿನಾಗ ಬಿ.ಕಾಂ. ಮಾಡು ಅಂತಿದ್ದೆ," ಎಂದಳು ಜಾಹೆದಾ. "ಆದ್ರ ಮೂರು ವರ್ಷ ಓದಿ ಮುಗಿಸೋ ಹೊತ್ತಿಗೆ ಕಾಗದದಾಗ ನಿನಗ ಇಪ್ಪತ್ತಾರು ದಾಟಿರ್ತದ. ಗುಮಾಸ್ತರ ಪರೀಕ್ಷಾಕ್ಕ ಕೂಡ್ರಸಂಗಿಲ್ಲ. ವಯಸ್ಸು ಸರಿ ಮಾಡಿಸ್ಕೊಂಡ್ರ ರಾಯಚೂರು. ಇಲ್ಲಾಂದ್ರ ಮಾನ್ವಿಗೆ ಹೋಗಿ ಬಿ.ಎ. ಸೇರು, ಟೀಚರ್ ಆಗು. ಬ್ಯಾಂಕು ಮರ್ತುಬಿಡು."

ಆ ಇಪ್ಪತ್ಮೂರು ಯಾರದೆಂದು ಯಂಕಮ್ಮನಿಗೆ ಗೊತ್ತಿತ್ತು. ಅವಳಿಗಿಂತ ಮೊದಲು ತಾಯಿ ಮಾರೆಮ್ಮನಿಗೆ ಇನ್ನೊಬ್ಬ ಯಂಕಮ್ಮ ಹುಟ್ಟಿದ್ದಳು. ಐದು ತುಂಬಿದೊಡನೆ ಒಂದನೆಯ ಇಯತ್ತೆಗೆ ಹೆಸರು ಹಚ್ಚಿದ್ದರು. ದಸರೆಯೊಳಗೆ ಜ್ವರ ಬಂತು, ಮೂರೇ ದಿನ. ವರ್ಷ ತುಂಬುವುದರಲ್ಲಿ ಇವಳು ಹುಟ್ಟಿದಾಗ, ಹೋದಾಕಿ ಹೊಳ್ಳಿ ಬಂದಾಳ ಎಂದು ಹಿರಿಯರು ಅದೇ ಹೆಸರಿಟ್ಟರು. ಆ ಕಡೆ ಹಾಗೆ ಇಡುವುದುಂಟು. ಆದರೆ ಹಿರಿಯರು ಮಾತಿಗೆ ಅಂದದ್ದನ್ನು ಮಾರೆಮ್ಮ ಮಾತಿಗಷ್ಟೇ ಎಂದು ಬಿಡಲಿಲ್ಲ. ಸಾಲೆಗೆ ಸೇರಿಸುವ ದಿನ, ಕನಕಪ್ಪ ಕುರಿ ಹೊಡೆದುಕೊಂಡು ಹೊಳೆಯಾಚೆ ಹೋಗಿದ್ದಾಗ, ಹೊಸದಾಗಿ ಬಂದ ಮಾಸ್ತರರಿಗೆ ಹೇಳಿದಳು: "ಹೆಸರು ಆಗಲೇ ಬರ್ಕೊಂಡೀರಲ್ರೀ. ನಡುವ ಜ್ವರ ಬಂದು ಬಿಟ್ಟಿದ್ಲು." ಮಾಸ್ತರರು ಹಳೆಯ ರಿಜಿಸ್ಟರ್ ತೆಗೆದರು. ಹೆಸರಿತ್ತು, ತಂದೆಯ ಹೆಸರಿತ್ತು, ಸತ್ತಳೆಂದು ಯಾರೂ ಬರೆದಿರಲಿಲ್ಲ. ಹುಟ್ಟಿದ ತಾರೀಖೂ ಅದೇ ಉಳಿಯಿತು.

"ನಿನಗ ಟಗರು ಗುಮ್ಮಿತ್ತಲ್ಲ, ಮೊಳಕಾಲು ಒಡದಿತ್ತಲ್ಲ," ಎಂದು ಮಾರೆಮ್ಮ ಈಗಲೂ ಹೇಳುತ್ತಿದ್ದಳು. ಗುಮ್ಮಿದ್ದು ಅಕ್ಕನಿಗೆ; ಯಂಕಮ್ಮನ ಮೊಳಕಾಲ ಮೇಲೆ ಗಾಯದ ಗುರುತಿರಲಿಲ್ಲ. ಆದರೂ ಕೇಳುತ್ತ ಕೇಳುತ್ತ ಅಲ್ಲಿ ಸಣ್ಣಗೆ ನೋಯುತ್ತಿತ್ತು. ಓದಲು ಕೂತರೆ, ಪುಟ ತಿರುವುವ ಮೊದಲೇ ಯಾರೋ ಅದನ್ನು ಓದಿ ಮುಗಿಸಿ ಕಾಯುತ್ತಿದ್ದಾರೆ ಅನಿಸುತ್ತಿತ್ತು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಅವಳು ಮುದುಡಿ, ಜಾಗ ಬಿಟ್ಟೇ ಕೂರುತ್ತಿದ್ದಳು.

ಕೋರ್ಟಿನ ಹತ್ತಿರ ವಕೀಲರೊಬ್ಬರ ಗುಮಾಸ್ತ ವಲಿ ಪಾಷಾ ಅವಳ ಮಾತನ್ನೆಲ್ಲ ಕೇಳಿ ಕಿವಿಯ ಪೆನ್ನು ತೆಗೆದ.

"ಸತ್ತೋರನ್ನ ಎಬ್ಬಿಸಾಕ ನಮ್ಮ ವಕೀಲ್ರಿಗೆ ಬರಂಗಿಲ್ಲವ್ವ. ಸತ್ತಾರಂತ ಬರಿಯಾಕ ಬರ್ತದ. ದಾವಾ ಹಾಕಬೇಕು. ಹಿರೇಮಗಳು ತೀರಿಕೊಂಡಾಳ, ಇಕಿ ಎರಡನೇದಾಕಿ ಅಂತ ನಿಮ್ಮವ್ವ ಹೆಬ್ಬೆಟ್ಟು ಒತ್ತಬೇಕು. ಅರ್ಜಿ ನಂಬರ್ ಬಂದ್ರ ಕಾಲೇಜಿನಾಗ ತೋರಿಸಿ ಸೇರ್ಕೋ. ಮುಂದಿಂದು ಸಾವಕಾಶ ಆಗ್ತದ."

ಮನೆಗೆ ಬಂದು ತಂದೆಯೊಡನೆ ಹೇಳಿದಳು. ಕನಕಪ್ಪ ಕಂಬಳಿ ಝಾಡಿಸುತ್ತಿದ್ದವನು ಹಾಗೇ ನಿಂತ.

"ನಿಮ್ಮವ್ವನ ಬಾಯಾಗ ಆ ಮಾತು ಹೊರಡಂಗಿಲ್ಲ ಬೇ. ಹದಿನೆಂಟು ವರ್ಷ ಆತು, ಅಕಿ ಮುಂದ ನಾನೂ ಅಂದಿಲ್ಲ. ಸುಮ್ನ ಮಾನ್ವಿಗೆ ಹೋಗಬಾರದೇನು?"

ಯಂಕಮ್ಮ ಎರಡು ದಿನ ಮಾನ್ವಿಯ ಬಗ್ಗೆ ಯೋಚಿಸಿದಳು. ಮಾನ್ವಿಗೆ ಹೋದರೆ ಅಕ್ಕ, ತಾನು ಇಬ್ಬರೂ ಹೋಗುತ್ತಾರೆ, ತಾನೊಬ್ಬಳೇ ಅಲ್ಲ, ಎಂದು ಹೊಳೆದ ಮೇಲೆ ಅವಳಿಗೆ ನಿದ್ದೆ ಹತ್ತಲಿಲ್ಲ. ಮೂರನೆಯ ದಿನ ತಾಯಿಗೆ ಸುಳ್ಳು ಹೇಳಿದಳು: ಹಾಸ್ಟೆಲಿನ ಕಾಗದ, ದೇವದುರ್ಗಕ್ಕೆ ಬಂದು ಒಂದು ಹೆಬ್ಬೆಟ್ಟು ಒತ್ತಬೇಕು.

ವಲಿ ಪಾಷಾ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳುವವನಲ್ಲ. ಮಾರೆಮ್ಮನ ಬೆರಳಿಗೆ ಮಸಿ ಹಚ್ಚಿ ಗಟ್ಟಿಯಾಗಿ ಓದಿದ. ಹಿರಿಯ ಮಗಳು ಮೃತಳಾಗಿದ್ದು ಎನ್ನುವಲ್ಲಿಗೆ ಬಂದಾಗ ಮಾರೆಮ್ಮ ಕೈ ಹಿಂದೆ ತೆಗೆದುಕೊಂಡಳು.

"ಯಾರು ಸತ್ತಾರ್ರೀ? ಇಲ್ಲೇ ನಿಂತಾಳಲ್ಲ."

"ಇಕಿ ಅಲ್ಲವ್ವ. ಮೊದಲಿನಾಕಿ."

"ನನಗ ಇಕಿ ಒಬ್ಬಾಕಿನ."

ವಲಿ ಪಾಷಾ ಹುಡುಗಿಯ ಮುಖ ನೋಡಿದ. ಕಾಲೇಜಿನ ಅರ್ಜಿಗೆ ನಾಳೆಯೇ ಕೊನೆಯ ದಿನ. ಯಂಕಮ್ಮ ಹೇಳಿದಳು:

"ಯವ್ವಾ, ಅಕಿ ಹೋಗ್ಯಾಳ. ನಾ ಅಕಿ ಅಲ್ಲ. ನಾ ಬ್ಯಾರೆ."

ಹೇಳಿದ್ದೇ ತಡ, ಬೆನ್ನ ಹಿಂದೆ ನಿಂತಿದ್ದವರು ಯಾರೋ ಸರಿದು ಹೋದಂತೆ ಬೆನ್ನು ತಣ್ಣಗಾಯಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಮಾರೆಮ್ಮ ಅವಳನ್ನು ಬಹಳ ಹೊತ್ತು ನೋಡಿದಳು. ಕಣ್ಣು, ಮೂಗು, ಹಣೆ, ಸಂತೆಯಲ್ಲಿ ಗುರುತು ಸಿಗದವರನ್ನು ನೋಡುವ ಹಾಗೆ. ಆಮೇಲೆ ತಾನೇ ಬಗ್ಗಿ ಹೆಬ್ಬೆಟ್ಟು ಒತ್ತಿದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು, ಎದೆ ಬಡಿದುಕೊಂಡು ಅಳತೊಡಗಿದಳು. ದಾರಿಹೋಕರು ನಿಂತರು. ಬುಟ್ಟಿ ಹೊತ್ತಿದ್ದ ಮುದುಕಿಯೊಬ್ಬಳು ಬಗ್ಗಿ ಕೇಳಿದಳು: "ಯಾರು ಹೋದ್ರಬೇ ತಂಗಿ?"

"ನನ್ನ ಮಗಳು. ಐದು ವರ್ಷದಾಕಿ."

"ಅಯ್ಯ ಶಿವನ! ಯಾವಾಗ?"

"ಈಗ."

ಯಂಕಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಹತ್ತಿರ ಹೋಗಿ ತಾಯಿಯ ತೋಳು ಹಿಡಿಯುವ ಹಕ್ಕು ತನಗಿದೆಯೋ ಇಲ್ಲವೋ ತಿಳಿಯಲಿಲ್ಲ.

ರಾಯಚೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಬಿಟ್ಟು ಬರಲು ಮಾರೆಮ್ಮನೇ ಹೊರಟಳು. ಹದಿನೈದು ದಿನಗಳಿಂದ ಅವಳು ಒಂದೂ ಹಳೆಯ ಕತೆ ಹೇಳಿರಲಿಲ್ಲ. ಮಗಳು ಅಂಗಳಕ್ಕೆ ಬಂದರೆ ಎದ್ದು ಜಾಗ ಕೊಡುತ್ತಿದ್ದಳು. ಬಸ್ಸಿನಲ್ಲಿ ಯಂಕಮ್ಮನಿಗೆ ತಡೆಯಲಾಗಲಿಲ್ಲ.

"ಯವ್ವಾ, ನಾ ಸಣ್ಣಾಕಿದ್ದಾಗ ಹ್ಯಾಂಗಿದ್ನಿ?"

ಮಾರೆಮ್ಮ ಕಿಟಕಿಯಾಚೆ ನೋಡಿ ನೆನಪಿಸಿಕೊಳ್ಳಲು ಹೆಣಗಿದಳು.

"ಗೊತ್ತಿಲ್ಲವ್ವ," ಎಂದಳು ಕೊನೆಗೆ. "ನಿನ್ನ ನಾ ನೋಡೇ ಇಲ್ಲ."

ರಾಯಚೂರಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಇಬ್ಬರಿಗೂ ಹಸಿವಾಗಿತ್ತು. ಮಾರೆಮ್ಮ ತಿಂಡಿ ಅಂಗಡಿಯ ಮುಂದೆ ನಿಂತು ಸಂಕೋಚದಿಂದ, ಬೀಗರ ಹುಡುಗಿಯನ್ನು ಕೇಳುವಂತೆ ಕೇಳಿದಳು:

"ನಿನಗೇನು ಸೇರತದ ತಿನ್ನಾಕ?"

ಯಂಕಮ್ಮ ಗಾಜಿನೊಳಗಿನ ತಟ್ಟೆಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಅಂಗಡಿಯವನು ಕಾಯುತ್ತಿದ್ದ, ತಾಯಿ ಕಾಯುತ್ತಿದ್ದಳು. ತನಗೇನು ಸೇರುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ.